ಮತ ಒಂದೆಡೆ, ದುಡಿಮೆ ಒಂದೆಡೆ

1978ರ ನವೆಂಬರಿನಲ್ಲಿ ದೇಶದ ಕಣ್ಣೆಲ್ಲ ಚಿಕ್ಕಮಗಳೂರಿನ ಮೇಲಿತ್ತು. ಶ್ರೀಮತಿ ಇಂದಿರಾ ಗಾಂಧಿಯವರು ಇಲ್ಲಿಯ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಹೋದರು. ಡಿಸೆಂಬರಿನಲ್ಲಿಯೇ ಅವರನ್ನು ಸಭೆಯಿಂದ ಹೊರಹಾಕಲಾಯಿತು. 2008ರ ಮರುವಿಂಗಡಣೆಯಿಂದ ಕ್ಷೇತ್ರದ ರೂಪವೇ ಬದಲಾಗಿ, ಕರಾವಳಿಯ ನಾಲ್ಕು ಮತ್ತು ನಮ್ಮ ಕಡೆಯ ನಾಲ್ಕು ವಿಧಾನಸಭಾ ಕ್ಷೇತ್ರಗಳು ಉಡುಪಿ-ಚಿಕ್ಕಮಗಳೂರು ಎಂಬ ಹೆಸರಿನಡಿ ಸೇರಿದವು. ಹೆಸರು, ಗಡಿ ಬದಲಾಗಲಿ. ಆದರೆ ಕ್ಷೇತ್ರವೆಂದರೆ ಅಲ್ಲಿ ಬಾಳಿ ದುಡಿಯುವ ಜನ. ಆ ಜನವೇ ಈಗ ಮತದಾರರ ಪಟ್ಟಿಯಿಂದ ಬೇರೆಯಾಗುತ್ತಿರುವುದು ನಮ್ಮ ಆತಂಕ.

ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿಯ ಯಾವ ಹಳ್ಳಿಯನ್ನಾದರೂ ನೋಡಿ. ಪಟ್ಟಿಯಲ್ಲಿ ಹೆಸರಿರುವ ನಮ್ಮ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಚುನಾವಣೆಯ ದಿನ ಬಸ್ಸು ಹತ್ತಿ ಬಂದು ಮತ ಹಾಕಿ ಮರಳುತ್ತಾರೆ. ಕಾಫಿ ಕೊಯ್ಯುವ, ಕಳೆ ಹೊಡೆಯುವ, ಕಣದಲ್ಲಿ ಹಣ್ಣು ಹರಡುವ ಕೈಗಳು ಈಗ ಬಹುಮಟ್ಟಿಗೆ ಅಸ್ಸಾಮಿನಂಥ ದೂರದ ರಾಜ್ಯಗಳವು. ಅವರು ಲೈನ್ ಮನೆಗಳಲ್ಲಿದ್ದಾರೆ, ಪಟ್ಟಿಯಲ್ಲಿಲ್ಲ. ಹೀಗಿರಲು ಊರಿನ ಶಾಲೆ, ರಸ್ತೆ, ಆಸ್ಪತ್ರೆಯ ಪರವಾಗಿ ಗ್ರಾಮಸಭೆಯಲ್ಲಿ ಎದ್ದು ಮಾತಾಡುವವರು ಯಾರು?

ಬೆಲೆಯ ಮಾತು ನಮ್ಮ ಕೈಮೀರಿ ಹೋಗಿ ಬಹಳ ಕಾಲವಾಯಿತು. 1942ರ ಕಾಯ್ದೆಯಿಂದ ಬಂದ ಪೂಲ್ ವ್ಯವಸ್ಥೆಯಲ್ಲಿ ನಮ್ಮ ಕಾಫಿಗೆ ಕಾಫಿ ಬೋರ್ಡೇ ದಾರಿ. ದೂರು ಕೊಡಲು ಒಂದು ವಿಳಾಸವಾದರೂ ಇತ್ತು. 1996ರಲ್ಲಿ ಎಲ್ಲ ಬೆಳೆಗಾರರಿಗೂ ಪೂರ್ಣ ಮುಕ್ತ ಮಾರಾಟ ಬಂದ ಮೇಲೆ ಲಂಡನ್, ನ್ಯೂಯಾರ್ಕುಗಳ ಏರಿಳಿತ ನೇರವಾಗಿ ನಮ್ಮ ಕಣಕ್ಕೇ ಬಂದಿದೆ. ಅಡಿಕೆಗೆ 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಆಸರೆಯಾಯಿತು. ಬೆಳೆಗಾರರು ಒಟ್ಟಾದರೆ ಏನಾದೀತೆಂಬುದಕ್ಕೆ ಅದೇ ಸಾಕ್ಷಿ. ಆದರೆ ಆಳಿನ ಸಮಸ್ಯೆಯನ್ನು ಲಂಡನ್ ಬಗೆಹರಿಸುವುದಿಲ್ಲ. ಅದು ಊರಿನಲ್ಲಿಯೇ ಬಗೆಹರಿಯಬೇಕು.

"ಆಳು ನಿಲ್ಲುವುದಿಲ್ಲ" ಎಂದು ನಾವೆಲ್ಲ ದೂರುತ್ತೇವೆ. ನಿಲ್ಲಲು ಅವರಿಗೆ ಏನಿದೆ ಎಂದು ಕೇಳಿಕೊಂಡಿದ್ದೇವೆಯೆ? 2022ರ ಜೂನಿನಲ್ಲಿ ಅಸ್ಸಾಂ ಸಹ 'ಒಂದು ದೇಶ ಒಂದು ಪಡಿತರ ಚೀಟಿ' ಯೋಜನೆಗೆ ಸೇರಿತು. ಅಲ್ಲಿಯ ಚೀಟಿಯಿದ್ದವರು ಕೇಂದ್ರದ ಪಾಲಿನ ಧಾನ್ಯವನ್ನು ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಪಡೆಯಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ವರ್ಗಾವಣೆ ಪತ್ರ ಬಂದಿಲ್ಲವೆಂದು ಶಾಲೆಯವರು ಮಗುವನ್ನು ಸೇರಿಸಿಕೊಳ್ಳಲು ತಡಮಾಡುವಂತಿಲ್ಲ. ಮತದಾರರ ಪಟ್ಟಿಗೂ ಕಾನೂನು ಕೇಳುವುದು ಸಾಮಾನ್ಯವಾಗಿ ಎಲ್ಲಿ ವಾಸವೆಂದು, ಹುಟ್ಟಿದ್ದು ಎಲ್ಲೆಂದಲ್ಲ. ಕೊಯ್ಲಿಗೆಂದು ಬಂದು ಹೋಗುವವರ ಮಾತು ಬೇರೆ. ವರ್ಷಾನುಗಟ್ಟಲೆ ಇಲ್ಲಿಯೇ ನೆಲಸಿದ ಅರ್ಹ ನಾಗರಿಕರು ಹೆಸರನ್ನು ಇಲ್ಲಿಗೆ ಬದಲಾಯಿಸಿಕೊಳ್ಳಬಹುದು.

ಹೊರಗಿನವರ ಮತದಿಂದ ಊರಿನ ಲೆಕ್ಕಾಚಾರ ಕೆಡುತ್ತದೆಂದು ಕೆಲವರು ಅಂಜುತ್ತಾರೆ. ನಮ್ಮ ಅಭಿಪ್ರಾಯ ಬೇರೆ. ಮತವಿಲ್ಲದ ಲೈನ್ ಮನೆಗೆ ಯಾವ ಪ್ರತಿನಿಧಿಯೂ ಇಳಿದು ಬರುವುದಿಲ್ಲ. ಲೈನ್ ಮನೆಯ ದಾರಿ ಕೆಟ್ಟರೆ ಕೆಡುವುದು ತೋಟದ ದಾರಿಯೇ. ಮಕ್ಕಳು ಸೇರದೆ ಊರಿನ ಶಾಲೆ ಮುಚ್ಚಿದರೆ ನಷ್ಟ ಉಳಿದ ನಮ್ಮೆಲ್ಲರದು. ಬೆಲೆಯಿಲ್ಲ, ಮಳೆ ಕೆಟ್ಟಿತು, ಕೊಳೆರೋಗಕ್ಕೆ ಔಷಧಿ ಹೊಡೆದು ಸಾಕಾಯಿತು, ಇನ್ನು ಇದೆಲ್ಲ ಎಲ್ಲಿಂದ ಎಂದು ಸದಸ್ಯರು ಕೇಳಬಹುದು. ನಾವು ಹೇಳುತ್ತಿರುವ ಕೆಲಸಗಳಿಗೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಒಂದು ದಿನದ ಓಡಾಟ.

ಆದುದರಿಂದ ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ ಮೂರು. ಮೊದಲನೆಯದು, ಮುಂದಿನ ಗ್ರಾಮಸಭೆಗೆ ತಾವೇ ಹೋಗಿ. ರೈಟರನ್ನು ಕಳುಹಿಸಿ ಸುಮ್ಮನಾಗಬೇಡಿ. ಎರಡನೆಯದು, ತೋಟದಲ್ಲಿರುವ ಕುಟುಂಬಗಳ ಪಡಿತರ ಮತ್ತು ಮಕ್ಕಳ ಶಾಲೆಯ ವಿಷಯವನ್ನು ಕೊಯ್ಲು ಆರಂಭವಾಗುವ ಮೊದಲೇ ವಿಚಾರಿಸಿ, ಆಗಬೇಕಾದುದನ್ನು ಮಾಡಿಸಿಕೊಡಿ. ಮೂರನೆಯದು, ಈ ವಿಷಯ ಸಂಘದ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ ಬರಲಿ. ಗೊಬ್ಬರದ ದರದ ಚರ್ಚೆಗೆ ಕೊಡುವಷ್ಟೇ ಹೊತ್ತನ್ನು ಇದಕ್ಕೂ ಕೊಡೋಣ.