ಹೊಸ ಅಲೆಗೆ ಗುಬ್ಬಿಯ ನೀರು!

‘ಸ್ವಾಮಿ, ಹೊಸ ಅಲೆ ಚಿತ್ರ ಅಂದ್ರೆ ಏನು? ಹೀರೋ ಮಾತಾಡ್ದೆ ಕೂತಿರೋದಕ್ಕೆ ಹಂಗಂತಾರಾ?’ ಇದು ಕುಣಿಗಲ್ಲಿನ ಓದುಗರೊಬ್ಬರ ಪ್ರಶ್ನೆ. ನಗಬೇಡಿ. ಅದರಲ್ಲಿ ಕಟಕಿ ಇದ್ದಷ್ಟೇ ನ್ಯಾಯವೂ ಇದೆ.

ಮೊದಲು ಪದದ ಜಾತಕ ನೋಡೋಣ. 1957ರಲ್ಲಿ ಪ್ಯಾರಿಸ್ಸಿನ ‘ಲೆಕ್ಸ್‌ಪ್ರೆಸ್’ ವಾರಪತ್ರಿಕೆಯಲ್ಲಿ ಫ್ರಾಂಸ್ವಾಸ್ ಝಿರೂ ಎಂಬ ಪತ್ರಕರ್ತೆ ಅಲ್ಲಿನ ಯುವಜನರ ಬಗ್ಗೆ ಬರೆಯುತ್ತಾ ಬಳಸಿದ ಮಾತು ‘ನೂವೆಲ್ ವಾಗ್’, ಅಂದರೆ ಹೊಸ ಅಲೆ. ಆಗ ಅದಕ್ಕೂ ಸಿನಿಮಾಕ್ಕೂ ನಂಟೇ ಇರಲಿಲ್ಲ! ಆಮೇಲೆ ತ್ರುಫೋ, ಗೊದಾರ್ ಮುಂತಾದ ಹುಡುಗರು ಕ್ಯಾಮರಾ ಹೊತ್ತು ಬೀದಿಗಿಳಿದಾಗ ಪತ್ರಿಕೆಗಳು ಅದೇ ಚೀಟಿಯನ್ನು ಅವರ ಬೆನ್ನಿಗೆ ಅಂಟಿಸಿದವು. ಇದಕ್ಕಿಂತ ಹಳೆಯದು ‘ಅವಾಂಗಾರ್ದ್’. ಅದು ದಂಡಿನ ಮಾತು. ಸೈನ್ಯದ ಮುಂದೆ ಹೋಗುವ ತುಕಡಿ, ನಾವು ‘ಮುಂಚೂಣಿ’ ಅಂತೀವಲ್ಲ, ಅದು. ಟಿಪ್ಪು ಕಾಲದ ಕುದುರೆ ಫಾರಂ ಇರುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ನಮ್ಮಲ್ಲಿ ‘ಸಂಸ್ಕಾರ’ (1970), ‘ವಂಶವೃಕ್ಷ’ (1971), ‘ಕಾಡು’ (1973), ‘ಚೋಮನ ದುಡಿ’ (1975), ‘ಘಟಶ್ರಾದ್ಧ’ (1977) ಬಂದ ಮೇಲೆ ಚೀಟಿ ಇಲ್ಲಿಗೂ ಬಂತು. ಕಂಪನಿ ನಾಟಕದ ಅಬ್ಬರವನ್ನು ಇವು ಒದ್ದೋಡಿಸಿದವು ಅಂತ ಪಂಡಿತರು ಬರೆದರು.

ಒದ್ದವರು ಯಾರು ಅಂತೀರಿ? ಬಿ.ವಿ. ಕಾರಂತರು ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು. ಅವರನ್ನು ಓದಲೆಂದು ಬನಾರಸ್ಸಿಗೆ ಕಳಿಸಿದವರು ಸಾಕ್ಷಾತ್ ಗುಬ್ಬಿ ವೀರಣ್ಣನವರು. ‘ಚೋಮನ ದುಡಿ’ಗೆ ಸ್ವರ್ಣಕಮಲ ತಂದವರು ಅದೇ ಕಾರಂತರು. ‘ವಂಶವೃಕ್ಷ’ದ ನಿರ್ಮಾಪಕ ಜಿ.ವಿ. ಅಯ್ಯರ್? ಅವರೂ ಗುಬ್ಬಿ ಕಂಪನಿಯ ಅನ್ನ ಉಂಡವರೇ! 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್, ನರಸಿಂಹರಾಜು ಜತೆ ಬಣ್ಣ ಹಚ್ಚಿದವರು, 1983ರಲ್ಲಿ ಸಂಸ್ಕೃತದಲ್ಲೇ ‘ಆದಿ ಶಂಕರಾಚಾರ್ಯ’ ತೆಗೆದರು. ಬರಿಗಾಲಲ್ಲೇ ಓಡಾಡುತ್ತಿದ್ದರು, ಪಾಪ, ಅಲೆಗೆ ಕಾಲು ನೆನೆಯಲೆಂದೋ ಏನೋ.

ಇನ್ನು ವೀರಣ್ಣನವರೇನು ಹಳಬರೆ? 1884ರಲ್ಲಿ ಹುಟ್ಟಿದ ಕಂಪನಿ ಅವರ ಕೈಗೆ ಬಂದ ಮೇಲೆ ‘ಕುರುಕ್ಷೇತ್ರ’ದ ರಂಗಕ್ಕೆ ನಿಜವಾದ ಆನೆ, ಕುದುರೆ ಬಂದವು. ಗಂಡಸರೇ ಸೀರೆ ಉಡುತ್ತಿದ್ದ ಕಾಲದಲ್ಲಿ ಹೆಂಗಸರ ಪಾತ್ರಕ್ಕೆ ಹೆಂಗಸರನ್ನೇ ಕರೆತಂದರು. ಮೂಕಿ ಚಿತ್ರಕ್ಕೂ ಕೈ ಹಾಕಿದರು. ಅವರನ್ನು ಯಾರೂ ‘ಮುಂಚೂಣಿ’ ಅನ್ನಲಿಲ್ಲ. ತುಮಕೂರಿನ ಕಲಾಕ್ಷೇತ್ರಕ್ಕೆ ಅವರ ಹೆಸರಿದೆ, ಅಷ್ಟೇ.

ಒಂದು ವ್ಯತ್ಯಾಸ ಮಾತ್ರ ಒಪ್ಪಬೇಕು. ವೀರಣ್ಣನವರ ಹೊಸತನಕ್ಕೆ ಆವತ್ತೇ ರಾತ್ರಿ ಟಿಕೆಟ್ ಹಣ ಬರಬೇಕಿತ್ತು. ಬಾರದಿದ್ದರೆ ಆನೆಗೂ ಉಪವಾಸ, ನಟರಿಗೂ ಉಪವಾಸ. ಹೊಸ ಅಲೆಯವರಿಗೆ ಪ್ರಶಸ್ತಿ, ಸಹಾಯಧನದ ಆಸರೆ ಇತ್ತು. ಅದಿಲ್ಲದಿದ್ದರೆ ಎಷ್ಟೋ ಒಳ್ಳೆಯ ಚಿತ್ರ ಹುಟ್ಟುತ್ತಲೇ ಇರಲಿಲ್ಲ, ನಿಜ. ಆದರೆ ‘ಪ್ರಶಸ್ತಿ ಚಿತ್ರ’ ಅಂತ ಹಣೆಪಟ್ಟಿ ಬಿದ್ದದ್ದೇ ತಡ, ಸಣ್ಣ ಊರಿನ ಟಾಕೀಸಿನವನು ಡಬ್ಬ ತರಿಸಲು ಹಿಂಜರಿದ. ನೋಡದೆಯೇ ಜನ ‘ನಿದ್ದೆ ಬರುತ್ತೆ’ ಅಂದರು. ಚಿತ್ರಕ್ಕಿಂತ ಅದರ ಹೆಸರೇ ಹೆಚ್ಚು ಕೆಡುಕು ಮಾಡಿತು ಅಂತ ನನ್ನ ವಾದ.

2013ರ ‘ಲೂಸಿಯಾ’ಕ್ಕೂ ಇದೇ ಚೀಟಿ ಅಂಟಿಸಿದರು. ಆದರೆ ಪವನ್ ಕುಮಾರ್ ಅದನ್ನು ತೆಗೆದದ್ದು ಪ್ರೇಕ್ಷಕರಿಂದಲೇ ಮುಂಗಡ ಹಣ ಎತ್ತಿ. ವೀರಣ್ಣನವರಿದ್ದಿದ್ದರೆ ಭುಜ ತಟ್ಟುತ್ತಿದ್ದರೇನೋ!

ಅಯ್ಯರ್ ಅವರ ‘ಹಂಸಗೀತೆ’ (1975) ಸಿಕ್ಕರೆ ಬಿಡಬೇಡಿ ಕಣ್ರೀ. ತ.ರಾ.ಸು. ಕಾದಂಬರಿ, ಅನಂತನಾಗ್ ಅಭಿನಯ, ಬಾಲಮುರಳಿಕೃಷ್ಣರ ಕಂಠ.