ಮೈಲಿಗಲ್ಲು ಹೇಳದ ಮಾತು



ನಮ್ಮ ಗಡಿನಾಡಿನ ಮನೆಗಳಲ್ಲಿ ಇಂದು ಮಗನೋ ಮಗಳೋ ದೂರದೇಶದಲ್ಲಿರುವುದು ಅಪರೂಪದ ಸಂಗತಿಯೇನಲ್ಲ. ನನ್ನ ಮಗಳ ಸಂಸಾರ ಇಂಗ್ಲೆಂಡಿನ ಬ್ರೈಟನ್ ನಗರದಲ್ಲಿದೆ. ಕಳೆದ ವರ್ಷ ಫೆಬ್ರವರಿಯ ಒಂದು ಭಾನುವಾರ ರಾತ್ರಿ ಅವಳು ಫೋನಿನಲ್ಲಿ ಮಾತನಾಡುತ್ತಿದ್ದಾಗ ಹದಿನೈದು ವರ್ಷದ ಮೊಮ್ಮಗ ನಡುವೆ ಬಾಯಿ ಹಾಕಿದನು.

"ಅಜ್ಜ, ಮೇ ತಿಂಗಳ ರಜೆಯಲ್ಲಿ ಅಮ್ಮನೂ ನಾನೂ ಸೌತ್ ಡೌನ್ಸ್ ಗುಡ್ಡದ ಹಾದಿಯನ್ನು ಸೈಕಲಿನಲ್ಲಿ ಮುಗಿಸುತ್ತೇವೆ. ಒಟ್ಟು ನೂರು ಮೈಲಿ. ದಿನಕ್ಕೆ ಐವತ್ತರಂತೆ ಎರಡೇ ದಿನ!"

"ಭಾಗಾಕಾರ ಸರಿಯಾಗಿದೆ, ಮಗೂ. ಏರು ಎಷ್ಟು?" ಎಂದೆ.

ಆ ಕಡೆಯಿಂದ ಉತ್ತರ ಬರಲಿಲ್ಲ. ಅದನ್ನು ಅವನು ಲೆಕ್ಕ ಹಾಕಿರಲಿಲ್ಲ.

ಈ ಪ್ರಶ್ನೆಯನ್ನು ಕೇಳಲು ನನಗೊಂದು ಕಾರಣವಿತ್ತು. 1974ರ ಡಿಸೆಂಬರಿನಲ್ಲಿ, ನಾನು ಹೊಸದಾಗಿ ಮಾಸ್ತರಿಕೆಗೆ ಸೇರಿದ್ದ ಕಾಲದಲ್ಲಿ, ಸಹೋದ್ಯೋಗಿಯಾದ ಗೆಳೆಯನೊಬ್ಬನೊಡನೆ ಕಾಸರಗೋಡಿನಿಂದ ಮಡಿಕೇರಿಗೆ ಸೈಕಲಿನಲ್ಲಿ ಹೊರಟಿದ್ದೆ. ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚಿನ ದಾರಿ. ಗಂಟೆಗೆ ಹತ್ತರಂತೆ ಹತ್ತು ಹನ್ನೊಂದು ಗಂಟೆ ಸಾಕು, ಬೆಳಗಿನ ಆರಕ್ಕೆ ಹೊರಟರೆ ಸಂಜೆಯ ಕಾಫಿ ಮಡಿಕೇರಿಯಲ್ಲಿ ಎಂದು ಲೆಕ್ಕ ಹಾಕಿದ್ದೆವು. ಚೆರ್ಕಳ, ಮುಳ್ಳೇರಿಯ, ಆದೂರು ಕಳೆದು, ರಾಜ್ಯದ ಗಡಿ ದಾಟಿ, ಜಾಲ್ಸೂರು, ಸುಳ್ಯಗಳ ಮೂಲಕ ಸಂಪಾಜೆ ತಲಪುವಾಗ ನಾಲ್ಕು ಗಂಟೆಯಾಗಿತ್ತು. ಉಳಿದ ದೂರ ಇಪ್ಪತ್ತೈದು ಕಿಲೋಮೀಟರಿನಷ್ಟು. ಅಲ್ಲಿ ನಿಂತಿದ್ದ ಬಸ್ಸಿನ ಕಂಡಕ್ಟರು, "ಸೈಕಲುಗಳನ್ನು ಮೇಲೆ ಹಾಕಿ, ನೀವು ಒಳಗೆ ಕುಳಿತುಕೊಳ್ಳಿ" ಎಂದು ಕರೆದನು. ನಾವು ನಕ್ಕು ಮುಂದೆ ಹೊರಟೆವು.

ಸಂಪಾಜೆಯಿಂದ ಮಡಿಕೇರಿಗೆ ಸಾವಿರ ಮೀಟರಿನಷ್ಟು ಏರು. ಮೈಲಿಗಲ್ಲು ದೂರವನ್ನು ಹೇಳುತ್ತದೆ, ಏರನ್ನು ಹೇಳುವುದಿಲ್ಲ. ಜೋಡುಪಾಲದ ಆಸುಪಾಸಿನಲ್ಲಿ ತುಳಿಯುವ ಶಕ್ತಿ ಮುಗಿಯಿತು, ಇಳಿದು ತಳ್ಳತೊಡಗಿದೆವು. ಕಣಿವೆಯಲ್ಲಿ ಕತ್ತಲೆ ಬೇಗನೆ ಬಂತು. ನಮ್ಮ ಸೈಕಲುಗಳಿಗಿದ್ದುದು ಡೈನಮೋ ದೀಪ. ಚಕ್ರ ವೇಗವಾಗಿ ತಿರುಗಿದರೆ ಮಾತ್ರ ಅದಕ್ಕೆ ಬೆಳಕು. ತಳ್ಳಿಕೊಂಡು ನಡೆಯುವವನಿಗೆ ಅದು ಇದ್ದೂ ಇಲ್ಲದಂತೆ. ಒಂದು ತಿರುವಿನಲ್ಲಿ ಗೆಳೆಯನು ರಸ್ತೆಯ ಬದಿಯ ಚರಂಡಿಗೆ ಸೈಕಲ್ ಸಹಿತ ಬಿದ್ದನು. ಬಲಗೈಯ ಮಣಿಕಟ್ಟು ಮುರಿಯಿತು. ಕಾಫಿ ಮೂಟೆ ತರಲು ಹೋಗುತ್ತಿದ್ದ ಲಾರಿಯೊಂದು ನಮ್ಮನ್ನು ಮಡಿಕೇರಿಗೆ ಮುಟ್ಟಿಸಿತು. ಮೂಳೆಯೇನೋ ಕೂಡಿತು, ಆದರೆ ಅವನು ಹವ್ಯಾಸಿ ಯಕ್ಷಗಾನದ ಚೆಂಡೆವಾದಕನಾಗಿದ್ದನು. ರಾತ್ರಿಯಿಡೀ ಚೆಂಡೆ ನುಡಿಸುವ ಕಸುವು ಆ ಕೈಗೆ ಮತ್ತೆ ಬರಲಿಲ್ಲ. ಆ ನೋವಿನಲ್ಲಿ ಅರ್ಧ ಪಾಲು ನನ್ನ ಲೆಕ್ಕದ್ದೇ ಎಂದು ಇಂದಿಗೂ ನನ್ನ ಭಾವನೆ.

ಆದುದರಿಂದ ಮೊಮ್ಮಗನಿಗೆ ಹೇಳಿದೆ: "ಹೋಗಬೇಡ ಎನ್ನುವವನು ನಾನಲ್ಲ. ಭೂಪಟವನ್ನು ಹರಡಿಕೊಂಡು ಕುಳಿತುಕೋ. ಇಬ್ಬರೂ ಸೇರಿ ಲೆಕ್ಕ ಹಾಕೋಣ." ಮುಂದಿನ ಎಂಟು ಭಾನುವಾರಗಳು ನಮ್ಮಿಬ್ಬರ ಪಾಠದಲ್ಲಿ ಕಳೆದುವು. ಅದರಲ್ಲಿ ಕಲಿತವನು ಅವನೊಬ್ಬನೇ ಅಲ್ಲ.

ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಸಮಾನಾಂತರವಾಗಿ ಸುಣ್ಣದ ಕಲ್ಲಿನ ಗುಡ್ಡಗಳ ಸಾಲೊಂದಿದೆ. ಇದೇ ಸೌತ್ ಡೌನ್ಸ್. ಪಶ್ಚಿಮದ ವಿಂಚೆಸ್ಟರ್ ಪಟ್ಟಣದಿಂದ ಪೂರ್ವದ ಈಸ್ಟ್‌ಬೋರ್ನ್‌ವರೆಗೆ ಈ ಸಾಲಿನ ಬೆನ್ನಮೇಲೆ ಸಾಗುವ 160 ಕಿಲೋಮೀಟರಿನ ಹಾದಿಗೆ ಸೌತ್ ಡೌನ್ಸ್ ವೇ ಎಂದು ಹೆಸರು. ಇದರ ಪೂರ್ವಭಾಗವನ್ನು 1972ರಲ್ಲಿ ಅಧಿಕೃತವಾಗಿ ತೆರೆದರು. ವಿಂಚೆಸ್ಟರಿನವರೆಗಿನ ಭಾಗ ಅನಂತರ ಸೇರಿತು. ನಡೆಯುವವರಿಗೆ ಮಾತ್ರವಲ್ಲದೆ ಕುದುರೆ ಸವಾರರಿಗೂ ಸೈಕಲಿಗರಿಗೂ ಮೊದಲಿನಿಂದ ಕೊನೆಯವರೆಗೆ ಅವಕಾಶವಿರುವ ದೀರ್ಘ ಹಾದಿಯಿದು. ದಪ್ಪ ಟಯರಿನ, ಹಲವು ಗೇರುಗಳ ಮೌಂಟನ್ ಬೈಕಿಗೆ ಹೇಳಿ ಮಾಡಿಸಿದಂತಿದೆ.

ಈ ಗುಡ್ಡಗಳು ಎತ್ತರದಲ್ಲಿ ದೊಡ್ಡವೇನಲ್ಲ. ಸಾಲಿನ ಎತ್ತರದ ಗುಡ್ಡಗಳಲ್ಲೊಂದಾದ ಬಟ್ಸರ್ ಹಿಲ್ 270 ಮೀಟರು. ಮೊಮ್ಮಗನ ಮನೆಗೆ ಸಮೀಪದ ಡಿಚ್ಲಿಂಗ್ ಬೀಕನ್ 248 ಮೀಟರು. ನೀಲಗಿರಿಯ ನಮ್ಮ ಓದುಗರಿಗೆ ನಗು ಬಂದೀತು. ಆದರೆ ಮೋಸವಿರುವುದು ಅಲ್ಲಿಯೇ. ಮಿಯನ್, ಆರನ್, ಏಡರ್, ಊಸ್, ಕಕ್‌ಮಿಯರ್ ಎಂಬ ನದಿಗಳು ಈ ಸಾಲನ್ನು ಅಡ್ಡಲಾಗಿ ಕತ್ತರಿಸಿಕೊಂಡು ಸಮುದ್ರದತ್ತ ಹರಿಯುತ್ತವೆ. ಒಂದೊಂದು ನದಿ ಬಂದಾಗಲೂ ಗಳಿಸಿದ ಎತ್ತರವನ್ನೆಲ್ಲ ಕಳೆದುಕೊಂಡು ಕಣಿವೆಗೆ ಇಳಿಯಬೇಕು, ದಾಟಿದೊಡನೆ ಮತ್ತೆ ಮೊದಲಿನಿಂದ ಏರಬೇಕು. ಹೀಗೆ ಏರುಗಳನ್ನೆಲ್ಲ ಕೂಡಿಸಿದರೆ ಒಟ್ಟು ಸುಮಾರು 4,000 ಮೀಟರು. ದೊಡ್ಡಬೆಟ್ಟವನ್ನು ಸಮುದ್ರತೀರದಿಂದಲೇ ಏರಿದರೂ 2,637 ಮೀಟರಷ್ಟೆ!

"ಎರಡು ದಿನಕ್ಕೆ ಹಂಚಿದರೆ ದಿನಕ್ಕೆ ಎರಡು ಸಂಪಾಜೆ ಘಾಟಿ, ಮೂರು ದಿನಕ್ಕಾದರೆ ಒಂದಕ್ಕಿಂತ ಸ್ವಲ್ಪ ಹೆಚ್ಚು" ಎಂದೆ. ಘಾಟಿಯ ಕಥೆಯನ್ನು ಅವನು ಚಿಕ್ಕಂದಿನಿಂದ ಕೇಳಿದವನು. ಪ್ರಯಾಣ ಮೂರು ದಿನಕ್ಕೆ ಬೆಳೆಯಿತು.

ಎರಡನೆಯ ಪಾಠ, ಸ್ವಂತ ಕಾಲಿನ ಅಳತೆ. ಗಂಟೆಗೆ ಇಷ್ಟು ಎಂಬ ಅಂಕಿಯನ್ನು ಇನ್ನೊಬ್ಬರಿಂದ ಸಾಲ ತರಬಾರದು. ಸಂಪೂರ್ಣ ಹಾದಿಯನ್ನು ಒಂದೇ ದಿನದಲ್ಲಿ ಮುಗಿಸುವ ಗಟ್ಟಿಗರಿದ್ದಾರೆ. ಅವರ ಲೆಕ್ಕ ಅವರಿಗೆ. ಏಪ್ರಿಲಿನ ಒಂದು ದಿನ ತಾಯಿಮಗ ಇಬ್ಬರೂ ಪ್ರಯಾಣದ ಪೂರ್ತಿ ಹೊರೆಯನ್ನು ಕಟ್ಟಿಕೊಂಡು ಮನೆಯ ಹತ್ತಿರದ ಗುಡ್ಡಗಳಲ್ಲಿ 30 ಕಿಲೋಮೀಟರು ದೂರ, 700 ಮೀಟರು ಏರಿನ ಸುತ್ತು ಹಾಕಿ ಬಂದರು. ನಾಲ್ಕು ಗಂಟೆ ಹಿಡಿಯಿತು. ಆ ಪ್ರಮಾಣದಲ್ಲಿ ದಿನದ 53 ಕಿಲೋಮೀಟರಿಗೂ 1,300 ಮೀಟರು ಏರಿಗೂ ಏಳು ಗಂಟೆಯ ಮೇಲೆ. ಊಟ, ವಿಶ್ರಾಂತಿ, ಟ್ಯೂಬಿನ ತೂತು, ದಾರಿಯುದ್ದಕ್ಕೂ ತೆರೆದು ಮುಚ್ಚಬೇಕಾದ ಗೇಟುಗಳು ಎಲ್ಲವೂ ಸೇರಿ ಒಂಬತ್ತು ಗಂಟೆ ಎಂದು ಬರೆದುಕೊಂಡೆವು.

ಮೂರನೆಯದು, ಹಗಲಿನ ಲೆಕ್ಕ. ನಮ್ಮ ಕಾಸರಗೋಡಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯ ಅಂತರವೂ ಇಲ್ಲ. ಅಲ್ಲಿ ಜೂನಿನಲ್ಲಿ ಹದಿನಾರು ಗಂಟೆಗೂ ಮೀರಿದ ಹಗಲು, ಡಿಸೆಂಬರಿನಲ್ಲಿ ಎಂಟೇ ಗಂಟೆ. ಮೇ ಕೊನೆಯ ವಾರ ಒಳ್ಳೆಯ ಆಯ್ಕೆ. ಕತ್ತಲಾಗುವುದು ರಾತ್ರಿ ಒಂಬತ್ತರ ಮೇಲೆಯೇ. ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ ಪಶ್ಚಿಮದಲ್ಲಿ ಹೊರಟು ಪೂರ್ವಕ್ಕೆ ಹೋಗುವುದೇ ಜಾಣತನ. ಬೆನ್ನಿಗೆ ಗಾಳಿಯ ಕೈ ಇರುತ್ತದೆ.

ನಾಲ್ಕನೆಯದು, ನೆಲದ ಗುಣ. ನಮ್ಮ ಮುರಕಲ್ಲಿನ ಗುಡ್ಡ ಒಡಲಲ್ಲಿ ನೀರನ್ನಿಟ್ಟುಕೊಂಡು ಸುರಂಗದ ಮೂಲಕ ನಮಗೆ ಕೊಡುತ್ತದೆ. ಸೌತ್ ಡೌನ್ಸಿನ ಸುಣ್ಣದ ಕಲ್ಲು ಬಿದ್ದ ಮಳೆಯನ್ನು ಆಳಕ್ಕೆ ಇಳಿಸಿಬಿಡುತ್ತದೆ. ಗುಡ್ಡದ ಬೆನ್ನಿನಲ್ಲಿ ತೊರೆಯಿಲ್ಲ, ಚಿಲುಮೆಯಿಲ್ಲ. ಹಾದಿಯಲ್ಲಿ ಅಲ್ಲಲ್ಲಿ ಕುಡಿಯುವ ನೀರಿನ ನಲ್ಲಿಗಳಿವೆ. ಅವುಗಳ ಜಾಗವನ್ನು ಭೂಪಟದಲ್ಲಿ ಮೊದಲೇ ಗುರುತು ಹಾಕಿಕೊಳ್ಳಬೇಕು. ಒಣಗಿದಾಗ ಆ ನೆಲ ಸಿಮೆಂಟಿನಷ್ಟು ಗಟ್ಟಿ. ನೆನೆದರೆ ಸಾಬೂನಿನಂತೆ ಜಾರುತ್ತದೆ. ಅದರೊಳಗಿನ ಚಕಮಕಿ ಕಲ್ಲಿನ ಚೂರುಗಳು ಟಯರನ್ನು ಚೂರಿಯಂತೆ ಸೀಳುತ್ತವೆ. ಎರಡು ಹೆಚ್ಚಿನ ಟ್ಯೂಬು, ತೇಪೆಯ ಸಾಮಾನು, ಪಂಪು ಇವಿಲ್ಲದೆ ಹೊರಡಲಾಗದು.

ಐದನೆಯದು ಹಾದಿಯ ಧರ್ಮ. ಅಲ್ಲಿ ಕಾಲುದಾರಿ ಬೇರೆ, ಕುದುರೆಹಾದಿ ಬೇರೆ. 1968ರ ಕಾನೂನು ಕುದುರೆಹಾದಿಯಲ್ಲಿ ಸೈಕಲಿಗೆ ಅನುಮತಿ ಕೊಟ್ಟಿತು. ಜತೆಗೆ, ನಡೆಯುವವರಿಗೂ ಕುದುರೆ ಸವಾರರಿಗೂ ಸೈಕಲಿನವನು ದಾರಿ ಬಿಡತಕ್ಕದ್ದು ಎಂದು ವಿಧಿಸಿತು. ಕೊನೆಯಲ್ಲಿ ಹಾದಿ ಎರಡಾಗುತ್ತದೆ. ಸೆವೆನ್ ಸಿಸ್ಟರ್ಸ್ ಎಂಬ ಬಿಳಿಯ ಕಡಲಗೋಡೆಗಳ ಮೇಲಿನದು ನಡೆಯುವವರಿಗೆ ಮೀಸಲು. ಸೈಕಲಿನವನು ಒಳನಾಡಿನ ವಿಂಡೋವರ್ ಹಿಲ್, ಜೆವಿಂಗ್ಟನ್ ದಾರಿಯನ್ನೇ ಹಿಡಿಯಬೇಕು. ಅನುಮತಿಯಿಲ್ಲದೆ ಕಂಡಲ್ಲಿ ಡೇರೆ ಹಾಕುವಂತಿಲ್ಲವಾದುದರಿಂದ ಕಾಕಿಂಗ್ ಹಾಗೂ ಪೈಕೂಂ ಎಂಬ ಊರುಗಳ ಬಳಿ ಎರಡು ರಾತ್ರಿಗೆ ಕೋಣೆಗಳನ್ನು ಗೊತ್ತುಮಾಡಿದರು.

ಕೊನೆಯ ಪಾಠವನ್ನು ಮೊಮ್ಮಗನು ಒಪ್ಪಲು ಎರಡು ಭಾನುವಾರ ಹಿಡಿಯಿತು. ಹೊರಡುವ ಮೊದಲೇ ಬಿಡುವ ಜಾಗವನ್ನು ಗೊತ್ತುಮಾಡಬೇಕು ಎಂದೆ. ಹಾದಿಯ ಅರ್ಧದಲ್ಲಿ, ಆರನ್ ನದಿಯ ಸೇತುವೆಯ ಬಳಿ, ಆಂಬರ್ಲಿ ರೈಲು ನಿಲ್ದಾಣವಿದೆ. ಊಸ್ ನದಿಯ ಬಳಿ ಸೌದೀಸ್ ನಿಲ್ದಾಣ. "ಎರಡನೆಯ ದಿನ ಮಧ್ಯಾಹ್ನ ಒಂದು ಗಂಟೆಯೊಳಗೆ ಆಂಬರ್ಲಿ ದಾಟದಿದ್ದರೆ ಅಲ್ಲಿಂದ ರೈಲು" ಎಂದು ಬರೆಯಿಸಿದೆ.

"ಅದು ಸೋಲಲ್ಲವೆ, ಅಜ್ಜ?"

"ಅಲ್ಲಿ ನಿಂತು ಯೋಚಿಸಿದರೆ ಸೋಲೆಂದೇ ಕಾಣುತ್ತದೆ. ಅದಕ್ಕಾಗಿಯೇ ಇಂದು, ಹೊಟ್ಟೆ ತುಂಬಿರುವಾಗ, ಮೈ ಒಣಗಿರುವಾಗ ಬರೆದಿಡುವುದು."

ಮೇ ತಿಂಗಳಲ್ಲಿ ಹೊರಟರು. ಮೊದಲ ದಿನ ಲೆಕ್ಕದಂತೆಯೇ ನಡೆಯಿತು. ಎರಡನೆಯ ದಿನ ನಸುಕಿನಿಂದಲೇ ಮಳೆ. ಕಾಕಿಂಗಿನಿಂದ ಆಂಬರ್ಲಿಗೆ ಇಪ್ಪತ್ತು ಕಿಲೋಮೀಟರಿನಷ್ಟು. ಬಿಸಿಲಿದ್ದರೆ ಮೂರು ಗಂಟೆಯ ದಾರಿ. ಚಕ್ರಗಳು ಜಾರಿದುವು, ಎರಡು ಸಲ ಟ್ಯೂಬು ತೂತಾಯಿತು, ಮಗಳು ಒಮ್ಮೆ ಬಿದ್ದು ಮೊಣಕಾಲು ತರಚಿಕೊಂಡಳು. ಎಂಟಕ್ಕೆ ಹೊರಟವರು ಆಂಬರ್ಲಿಯ ಸೇತುವೆ ಸೇರುವಾಗ ಎರಡೂವರೆ. ಮೊಮ್ಮಗನು ಅಲ್ಲಿಂದ ಫೋನು ಮಾಡಿದನು.

"ಅಜ್ಜ, ಮಳೆ ನಿಂತಿದೆ. ಇನ್ನು ಮೂವತ್ತೊಂದೇ ಕಿಲೋಮೀಟರು. ಹೋಗಬಹುದು."

ಧ್ವನಿಯಲ್ಲಿ ಅಳು ಇತ್ತು. ಹೋಗು ಎನ್ನುವುದು ಸುಲಭವಾಗಿತ್ತು. ನಾನು, "ಇಪ್ಪತ್ತಕ್ಕೆ ಆರೂವರೆ ಗಂಟೆಯಾದರೆ ಮೂವತ್ತೊಂದಕ್ಕೆ ಎಷ್ಟು?" ಎಂದಷ್ಟೇ ಕೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಅವನೇ ಹೇಳಿದನು: "ಹತ್ತು ಗಂಟೆ. ಮಧ್ಯರಾತ್ರಿ ದಾಟುತ್ತದೆ." ಬಳಿಕ ತಾಯಿಯೊಡನೆ, "ಅಮ್ಮಾ, ರೈಲಿನ ಹೊತ್ತು ನೋಡು" ಎಂದುದು ನನಗೆ ಕೇಳಿಸಿತು. ಒಂದು ವಾರ ಅವನು ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ.

ಹಾದಿ ಎಲ್ಲಿಗೂ ಓಡಿಹೋಗುವುದಿಲ್ಲವಷ್ಟೆ. ಆಗಸ್ಟಿನಲ್ಲಿ ಅದೇ ಆಂಬರ್ಲಿ ನಿಲ್ದಾಣದಲ್ಲಿ ಇಳಿದು, ಉಳಿದರ್ಧವನ್ನು ಎರಡು ದಿನಗಳಲ್ಲಿ ಒಣ ನೆಲದ ಮೇಲೆ ಮುಗಿಸಿದರು. ಈ ಸಲದ ಯೋಜನೆ ಪೂರ್ತಿಯಾಗಿ ಅವನದೇ. ಅದರಲ್ಲಿ ಎರಡು ಗಂಟೆಯನ್ನು ಹೆಚ್ಚಾಗಿ ಇಟ್ಟುಕೊಂಡಿದ್ದನು. ಕಾರಣ ಕೇಳಿದರೆ ಹೇಳಲಿಲ್ಲ. ಮರುದಿನ ಒಂದು ಚಿತ್ರ ಕಳುಹಿಸಿದನು. ಹಸುರು ಗುಡ್ಡದ ಇಳಿಜಾರಿನಲ್ಲಿ ಬಿಳಿಯ ಅಮೃತಶಿಲೆಯ ಗುಮ್ಮಟವುಳ್ಳ ಒಂದು ಛತ್ರಿ. ಪಕ್ಕದಲ್ಲಿ ಕೆಸರು ಮೆತ್ತಿದ ಎರಡು ಸೈಕಲುಗಳು.

ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸೈನಿಕರನ್ನು ಬ್ರೈಟನ್ನಿನ ಆಸ್ಪತ್ರೆಗಳಿಗೆ ಕರೆತಂದಿದ್ದರು. ಅಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಸೈನಿಕರಲ್ಲಿ 53 ಮಂದಿಯ ದಹನಸಂಸ್ಕಾರ ನಡೆದ ಸ್ಥಳವಿದು. ಮುಂಬಯಿಯ ವಾಸ್ತುಶಿಲ್ಪಿ ಇ. ಸಿ. ಹೆನ್ರಿಕ್ಸ್ ರೂಪಿಸಿದ ಸ್ಮಾರಕವನ್ನು 1921ರ ಫೆಬ್ರವರಿ 1ರಂದು ಅನಾವರಣಗೊಳಿಸಿದರು. ಪೈಕೂಂ ಮತ್ತು ಡಿಚ್ಲಿಂಗ್ ಬೀಕನಿನ ನಡುವೆ ಮುಖ್ಯ ಹಾದಿಯಿಂದ ದಕ್ಷಿಣಕ್ಕೆ ಕವಲೊಡೆಯುವ ಕುದುರೆಹಾದಿಯಲ್ಲಿ ಅಲ್ಲಿಗೆ ಇಳಿಯಬಹುದು. ಮೇ ತಿಂಗಳ ಯೋಜನೆಯಂತೆ ಓಡಿದ್ದರೆ ಅದರ ಪಕ್ಕದಿಂದ ಹಾದುಹೋಗುತ್ತಿದ್ದರು, ನೋಡಲು ಸಮಯವಿರುತ್ತಿರಲಿಲ್ಲ.

ಆ ಚಿತ್ರವನ್ನು ತೆಗೆದುಕೊಂಡು ನನ್ನ ಹಳೆಯ ಗೆಳೆಯನ ಮನೆಗೆ ಹೋದೆ. ಆಂಬರ್ಲಿಯ ಸಂಗತಿಯನ್ನೂ ಹೇಳಿದೆ. ಅವನು ಚಿತ್ರವನ್ನು ಬಹಳ ಹೊತ್ತು ನೋಡಿದನು. ಬಳಿಕ ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಒತ್ತಿಕೊಳ್ಳುತ್ತ ಹೇಳಿದನು:

"ಸಂಪಾಜೆಯಲ್ಲಿ ನಮಗೂ ಒಂದು ಬಸ್ಸು ನಿಂತಿತ್ತಲ್ಲ ಮಾರಾಯ. ನಾವು ಹತ್ತಲಿಲ್ಲ."