ಮಲೆನಾಡಲ್ಲಿ 'ವುಡನ್ ಫ್ಲೋರಿಂಗ್' ಕ್ರೇಜ್: ಮಾಳಿಗೆ ಮೇಲೆ ಸೈ, ನೆಲದ ಮೇಲೆ ಹುಷಾರು!

ಸಾಗರ/ಹೊಸನಗರ/ತೀರ್ಥಹಳ್ಳಿ: ಟೈಲ್ಸ್ ಹಾಕಿದರೆ ಸಾಕು ಅಂತಿದ್ದ ಮನೆಗಳಲ್ಲಿ ಈಗ 'ರೂಮಿಗೆ ವುಡನ್ ಫ್ಲೋರಿಂಗ್ ಹಾಕ್ಸಿದ್ರೆ ಹೆಂಗೆ?' ಅನ್ನೋ ಮಾತು ಕೇಳಿಬರ್ತಿದೆ. ಇದರ ಹಿಂದೆ ಬರೀ ಶೋಕಿ ಇಲ್ಲ. ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಡಿದ ಮೇಲೆ ಎರಡನೇ ಆದಾಯ ಬೇಕು ಅಂತ ಹೋಂಸ್ಟೇ ಕಡೆ ಮುಖ ಮಾಡಿದ ಕುಟುಂಬಗಳಿವೆ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗಿ, ಸಿಗಂದೂರಿಗೆ ಹೋಗೋರು ಲಾಂಚ್ ಕಾಯೋದು ತಪ್ಪಿತು. ಹಿನ್ನೀರಿನ ಆಚೆ ದಡದವರಿಗೂ ಒಂದೆರಡು ರೂಮು ಮಾಡೋಣ ಅನ್ನೋ ಆಸೆ ಹುಟ್ಟೋದು ಸಹಜ.

ಆದರೆ ಬ್ಯಾಂಕ್ ಸಾಲ ತಂದು ಹಾಕಿಸಿದ ಮರದ ನೆಲ ಒಂದೇ ಮಳೆಗಾಲಕ್ಕೆ ಉಬ್ಬಿ ಎದ್ದರೆ ನಷ್ಟ ಯಾರಿಗೆ? ಮನೆಯವರಿಗೆ ದುಡ್ಡು ಹೋಗುತ್ತೆ, ಬಡಗಿಗೆ ಹೆಸರು ಹೋಗುತ್ತೆ, ಅಂಗಡಿಯವರಿಗೆ ಗಿರಾಕಿ ಹೋಗ್ತಾರೆ. ಅದಕ್ಕೇ ಈ ವಿಷಯವನ್ನ ಸ್ವಲ್ಪ ಬಿಡಿಸಿ ನೋಡಬೇಕಿದೆ.

ಅಜ್ಜನ ಮಾಳಿಗೆ ಯಾಕೆ ಉಳೀತು?

ಮರದ ನೆಲ ಮಲೆನಾಡಿಗೆ ಹೊಸದೇನಲ್ಲ. ಹಳೇ ಮನೆಗಳ ಮಾಳಿಗೆ, ಅಟ್ಟ ಎಲ್ಲ ಹಲಗೆಯವೇ. ನೂರು ವರ್ಷ ದಾಟಿದ ಮಾಳಿಗೆ ಇವತ್ತಿಗೂ ಗಟ್ಟಿಯಾಗಿರೋ ಮನೆಗಳಿವೆ. ಅದಕ್ಕೆ ಮರದ ಜಾತಿ ಎಷ್ಟು ಕಾರಣವೋ, ಕಟ್ಟಿದ ಕ್ರಮವೂ ಅಷ್ಟೇ ಕಾರಣ.

ತೊಲೆ, ಜಂತಿ ಮೇಲೆ ಕೂತ ಹಲಗೆಗೆ ಕೆಳಗಿಂದಲೂ ಗಾಳಿ, ಮೇಲಿಂದಲೂ ಗಾಳಿ. ಅಂಟು ಹಾಕಿ ಬಿಗಿದಿಲ್ಲ, ಹಿಗ್ಗೋಕೆ ಕುಗ್ಗೋಕೆ ಸಂದು ಇದೆ. ಮಳೆಗಾಲದಲ್ಲಿ ಅಡುಗೆಮನೆ, ಬಚ್ಚಲ ಒಲೆಯ ಬಿಸಿ ಮತ್ತು ಹೊಗೆ ಮೇಲೇರಿ ಮರವನ್ನ ಒಣಗಿಸ್ತಿತ್ತು, ಹುಳ ಬರದಂತೆ ತಡೀತಿತ್ತು. ಮೇಲಿಂದ ಗೇರೆಣ್ಣೆ ಬೇರೆ. ಇನ್ನು ಕೆಳಗಿನ ನೆಲಕ್ಕೆ ಹಿರಿಯರು ಹಲಗೆ ಹಾಸಿದ್ದು ಅಪರೂಪ. ಅಲ್ಲಿ ಸಗಣಿ ಸಾರಿಸಿದ ಮಣ್ಣಿನ ನೆಲ, ಆಮೇಲೆ ರೆಡ್ ಆಕ್ಸೈಡ್. ಯಾಕಂದ್ರೆ ಮಳೆಗಾಲದಲ್ಲಿ ಕೆಳಗಿನ ನೆಲ ಬೆವರುತ್ತೆ ಅನ್ನೋದು ಅವರಿಗೆ ಗೊತ್ತಿತ್ತು.

ಈಗ ಆಗ್ತಿರೋದು ಇದರ ಉಲ್ಟಾ. ಕೆಳಗಿನ ಕಾಂಕ್ರೀಟ್ ಮೇಲೆ ಹಲಗೆ, ಅದರಡಿ ಫೋಮ್ ಶೀಟ್, ಕಿಟಕಿ ಮುಚ್ಚಿದ ರೂಮು. ಒಲೆ ಇಲ್ಲ, ಗಾಳಿ ಇಲ್ಲ.

12 ಅಡಿ ರೂಮಿಗೆ ಒಂದೂವರೆ ಇಂಚು!

ಮರ ಸುತ್ತಲಿನ ಗಾಳಿಗೆ ತಕ್ಕಂತೆ ತೇವ ಹೀರುತ್ತೆ, ಬಿಡುತ್ತೆ. ಗಾಳಿಯ ತೇವಾಂಶ ಶೇ 50 ಇದ್ದಾಗ ಒಣಗಿದ ಮರದಲ್ಲಿ ಸುಮಾರು ಶೇ 9ರಷ್ಟು ನೀರಿರುತ್ತೆ. ಗಾಳಿ ಶೇ 80ಕ್ಕೆ ಹೋದರೆ ಮರ ಶೇ 16ಕ್ಕೆ, ಶೇ 90ಕ್ಕೆ ಹೋದರೆ ಶೇ 20ರ ಹತ್ತಿರಕ್ಕೆ ಬರುತ್ತೆ. ಫೆಬ್ರವರಿ–ಮಾರ್ಚ್‌ನ ಒಣ ಮಧ್ಯಾಹ್ನ ಎಲ್ಲಿ, ಆಷಾಢದಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಆಗುಂಬೆ, ಹುಲಿಕಲ್, ಮಾಸ್ತಿಕಟ್ಟೆ ಎಲ್ಲಿ? ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟಿ ಮಳೆ ಬೀಳುತ್ತೆ.

ಮರದ ನೀರಿನಂಶ ಆರು ಪಾಯಿಂಟ್ ಏರಿದರೆ ಐದಿಂಚು ಅಗಲದ ತೇಗದ ಹಲಗೆ ಅಡ್ಡಕ್ಕೆ ಸುಮಾರು ಒಂದೂವರೆ ಮಿ.ಮೀ. ಹಿಗ್ಗಬಹುದು. ಕೇಳೋಕೆ ಸಣ್ಣದು. ಆದರೆ 12 ಅಡಿ ರೂಮಿನ ಎಲ್ಲಾ ಹಲಗೆ ಸೇರಿಸಿದರೆ ಹೆಚ್ಚೂಕಡಿಮೆ 40 ಮಿ.ಮೀ., ಅಂದ್ರೆ ಒಂದೂವರೆ ಇಂಚು. ಗೋಡೆಗೆ ತಾಗಿಸಿ ಬಿಗಿಯಾಗಿ ಜೋಡಿಸಿದ್ದರೆ ಆ ಒಂದೂವರೆ ಇಂಚು ಹೋಗೋದೆಲ್ಲಿಗೆ? ಮೇಲಕ್ಕೆ! ಇದು ಹಿಗ್ಗೋದು ಕಡಿಮೆ ಅಂತ ಹೆಸರಾದ ತೇಗದ ಲೆಕ್ಕ. ಸರಿಯಾಗಿ ಸೀಸನ್ ಆಗದ ಮರದ ಕತೆ ಇನ್ನೂ ಕಷ್ಟ.

ಯೂಟ್ಯೂಬ್ ನೋಡಿ ಮನೆ ಕಟ್ಟೋರು ಇಲ್ಲೇ ಎಡವೋದು. ಹೊರದೇಶದ ಗುಡ್ಡದ ಮನೆಗಳಲ್ಲಿ ಚಳಿಗಾಲಕ್ಕೆ ಹೀಟರ್ ಹಾಕಿ ಗಾಳಿ ಒಣಗಿ ಮರ ಬಿರುಕು ಬಿಡುತ್ತೆ. ಅಲ್ಲಿನವರು ರೂಮಿಗೆ ತೇವ ತುಂಬೋ ಮಷೀನ್ ಇಡಿ ಅಂತಾರೆ. ನಮ್ಮ ಸಮಸ್ಯೆ ಪೂರ್ತಿ ತಿರುಗಾಮುರುಗ.

ಹೆಸರು ಒಂದೇ, ಮಾಲು ನಾಲ್ಕು

ಅಂಗಡಿಯಲ್ಲಿ 'ವುಡನ್ ಫ್ಲೋರಿಂಗ್' ಅಂತ ಕೇಳಿದರೆ ನಾಲ್ಕು ಬೇರೆ ಬೇರೆ ಮಾಲು ತೋರಿಸಬಹುದು.

ಗಟ್ಟಿ ಮರದ ಹಲಗೆ: ಪೂರ್ತಿ ಮರ. ಸವೆದರೆ ಉಜ್ಜಿ ಮತ್ತೆ ಪಾಲಿಶ್ ಮಾಡಬಹುದು. ಹಿಗ್ಗು–ಕುಗ್ಗು ಹೆಚ್ಚು.

ಎಂಜಿನಿಯರ್ಡ್ ವುಡ್: ಕೆಳಗೆ ಪ್ಲೈ, ಮೇಲೆ ಕೆಲವೇ ಮಿ.ಮೀ. ಅಸಲಿ ಮರ. ಪದರಗಳು ಅಡ್ಡ–ಉದ್ದ ಕೂತಿರೋದ್ರಿಂದ ಹಿಗ್ಗೋದು ಕಡಿಮೆ.

ಲ್ಯಾಮಿನೇಟ್: ಮರದ ನಾರು ಒತ್ತಿ ಮಾಡಿದ ಹಾಳೆ, ಮೇಲೆ ಮರದ ಚಿತ್ರ. ಬೆಲೆ ಕಡಿಮೆ ಅಂತ ಹೆಚ್ಚು ಜನ ಕೈ ಹಾಕೋದು ಇದಕ್ಕೇ. ಆದರೆ ಸಂದಿಯಲ್ಲಿ ನೀರು ಇಳಿದು ಒಮ್ಮೆ ಊದಿಕೊಂಡರೆ ಮತ್ತೆ ಮೊದಲಿನಂತಾಗಲ್ಲ.

ಎಸ್‌ಪಿಸಿ: ಕಲ್ಲಿನ ಪುಡಿ ಮತ್ತು ಪಿವಿಸಿ ಸೇರಿಸಿ ಮಾಡಿದ್ದು. ಇದರಲ್ಲಿ ಮರವೇ ಇಲ್ಲ. ನೀರಿಗೆ ಹೆದರಲ್ಲ, ಆದರೆ ಮರದ ಬೆಲೆ ಕೊಟ್ಟು ತಗೊಂಡ್ರೆ ಮೋಸ ಹೋದಂಗೆ.

ಇವುಗಳ ಜತೆ ಬಿದಿರಿನ ಫ್ಲೋರಿಂಗ್ ಕೂಡ ಲೆಕ್ಕಕ್ಕೆ ಬಂದಿದೆ. 2025ರ ಸೆಪ್ಟೆಂಬರ್ 22ರಿಂದ ಬಿದಿರಿನ ಫ್ಲೋರಿಂಗ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಮರದ್ದಕ್ಕೆ ಶೇ 18 ಇದೆ. ತೆರಿಗೆ ಕಡಿಮೆ ಅಂದ ಮಾತ್ರಕ್ಕೆ ಬಿದಿರು ನೀರು ಹೀರಲ್ಲ ಅಂತಲ್ಲ. ಗಾಳಿ, ಸಂದಿನ ನಿಯಮ ಅದಕ್ಕೂ ಅನ್ವಯ.

ತೋಟದ ಮರ ಇದ್ದರೂ ಪಾಸ್ ಬೇಕು

'ನಮ್ದೇ ತೋಟದ ತೇಗ ಇದೆಯಲ್ಲ, ಕೊಯ್ಸಿದ್ರಾಯ್ತು' ಅನ್ನೋರು ಒಂದು ನಿಮಿಷ ನಿಲ್ಲಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಖಾಸಗಿ ಜಮೀನಿನ ಮರ ಕಡಿಯೋಕೂ ಅನುಮತಿ ಬೇಕು. ತೆಂಗು, ಸಿಲ್ವರ್ ಓಕ್ ಥರದ ಕೆಲವು ಜಾತಿಗೆ ಮಾತ್ರ ವಿನಾಯಿತಿ. ತೇಗ, ಬೀಟೆ ವಿಚಾರದಲ್ಲಿ ಜಮೀನಿನ ದಾಖಲೆಯೂ ಮುಖ್ಯವಾಗುತ್ತೆ. ಮಿಲ್‌ಗೆ ಸಾಗಿಸುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸೋದು ಕ್ಷೇಮ. ಪಾಸ್ ಇಲ್ಲದೆ ಮರ ಸಿಕ್ಕಿಬಿದ್ದರೆ ಗಾಡಿಯೂ ಜಪ್ತಿ ಆಗಬಹುದು.

ಇದರ ಮಧ್ಯೆ ಒಂದು ವಿಪರ್ಯಾಸ ಇದೆ. ಹಳೇ ಮನೆ ಕೆಡವಿದಾಗ ಮಾಳಿಗೆ ಹಲಗೆ, ತೊಲೆಗಳನ್ನ ವ್ಯಾಪಾರಿಗಳಿಗೆ ಸಿಕ್ಕಿದ ರೇಟಿಗೆ ಕೊಟ್ಟು, ಅದೇ ಜಾಗದಲ್ಲಿ ಕಟ್ಟಿದ ಆರ್‌ಸಿಸಿ ಮನೆಗೆ ಲ್ಯಾಮಿನೇಟ್ ತರೋದು. ಎಷ್ಟೋ ಮಳೆಗಾಲ ಹಿಗ್ಗಿ ಕುಗ್ಗಿ ಪಳಗಿದ ಮರ ಅದು. ಅಂಥ ಮರ ಇನ್ನೊಮ್ಮೆ ಕೊಳ್ಳೋಕೆ ಸಿಗೋದು ಕಷ್ಟ. ಕುಟ್ಟೆ ಹಿಡಿದ ಭಾಗ ಕತ್ತರಿಸಿ, ಮೊಳೆ ಕಿತ್ತು, ರಂದ ಹೊಡೆಸಿದರೆ ಒಂದು ರೂಮಿನ ನೆಲಕ್ಕಾಗುವಷ್ಟು ಮನೆಯಲ್ಲೇ ಸಿಗಬಹುದು. ಮಾರೋ ಮೊದಲು ನಂಬಿಕೆಯ ಬಡಗಿಯನ್ನ ಕರೆಸಿ ತೋರಿಸಿ.

ಹಾಕಿಸಲೇಬೇಕು ಅಂದ್ರೆ?

- ಮಹಡಿ ರೂಮಿಗೆ ಹಾಕಿಸಿ. ನೆಲಮಾಳಿಗೆ, ಬಚ್ಚಲ ಪಕ್ಕ, ಜಗಲಿ, ಎರಚಲು ಹೊಡೆಯೋ ಕಡೆ ಬೇಡ. ಕೆಳಗೆ ರೆಡ್ ಆಕ್ಸೈಡ್ ಅಥವಾ ಮರದ ಡಿಸೈನಿನ ಟೈಲ್ಸ್ ಸಾಕು.
- ದೀಪಾವಳಿ ಕಳೆದು ಡಿಸೆಂಬರ್ ಒಳಗೆ ಹಾಕಿಸೋದು ಒಳ್ಳೇದು. ಏಪ್ರಿಲ್‌ನಲ್ಲಿ ಬಿಗಿಯಾಗಿ ಹಾಕಿದ್ದು ಜುಲೈಗೆ ಏಳುತ್ತೆ, ಜುಲೈನಲ್ಲಿ ಹಾಕಿದ್ದು ಮಾರ್ಚ್‌ಗೆ ಬಿಟ್ಟುಕೊಳ್ಳುತ್ತೆ.
- ಹಲಗೆಯನ್ನ ಅದೇ ರೂಮಲ್ಲಿ ಎರಡು ವಾರ ಗಾಳಿಯಾಡುವಂತೆ ಜೋಡಿಸಿಡಿ. ಬಡಗಿ ಬಳಿ ಮಾಯಿಶ್ಚರ್ ಮೀಟರ್ ಇದ್ದರೆ ಒಮ್ಮೆ ಇಟ್ಟು ನೋಡಿಸಿ.
- ಕಾಂಕ್ರೀಟ್ ಒಣಗಿದೆಯಾ ನೋಡೋಕೆ ಎರಡಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನ ನಾಲ್ಕೂ ಕಡೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಅಡಿಯಲ್ಲಿ ಬೆವರು ಕಂಡರೆ ಕೆಲಸ ನಿಲ್ಲಿಸಿ.
- ಅಗಲ ಹಲಗೆಗಿಂತ ಮೂರು–ನಾಲ್ಕು ಇಂಚಿನದು ವಾಸಿ. ಹಿಗ್ಗು ಸಂದುಗಳಲ್ಲಿ ಹಂಚಿ ಹೋಗುತ್ತೆ. ಗೋಡೆ ಬದಿ ಕನಿಷ್ಠ ಅರ್ಧ ಇಂಚು ಜಾಗ ಬಿಟ್ಟು ಸ್ಕರ್ಟಿಂಗ್ ಪಟ್ಟಿಯಲ್ಲಿ ಮುಚ್ಚಿ. ಸಾಧ್ಯ ಇದ್ದರೆ ರೀಪರ್ ಕೊಟ್ಟು ಕೆಳಗೆ ಗಾಳಿ ಬಿಡಿ.
- ಒರಲೆ ಔಷಧಿಯನ್ನ ಹಲಗೆ ಕೂರುವ ಮೊದಲೇ ಹೊಡೆಸಿ.

ಬಿಲ್ ಇಲ್ಲ ಅಂದ್ರೆ ನ್ಯಾಯವೂ ಇಲ್ಲ

ವಾರಂಟಿ ಕಾರ್ಡ್‌ನಲ್ಲಿ ತೇವದಿಂದಾದ ಹಾನಿ ಸೇರಿದೆಯಾ ಅಂತ ಮೊದಲೇ ಓದಿ. ಎಷ್ಟೋ ಕಾರ್ಡ್‌ಗಳಲ್ಲಿ ಅದನ್ನೇ ಹೊರಗಿಟ್ಟಿರ್ತಾರೆ. ಮಲೆನಾಡಿಗೆ ಅದೇ ಮುಖ್ಯ. ಜಿಎಸ್‌ಟಿ ಬಿಲ್‌ನಲ್ಲಿ ಮಾಲು ಯಾವುದು ಅಂತ ಸ್ಪಷ್ಟವಾಗಿ ಬರೆಸಿಕೊಳ್ಳಿ. ತಕರಾರು ಬಂದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 5 ಲಕ್ಷ ರೂ.ವರೆಗಿನ ಖರೀದಿಯ ದೂರಿಗೆ ಶುಲ್ಕ ಇಲ್ಲ. ಹೋಂಸ್ಟೇಯವರು ಒಂದು ವಿಷಯ ಗಮನಿಸಬೇಕು: ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನ ಕಾನೂನು ಗ್ರಾಹಕ ಅನ್ನಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡಿದ್ದರೆ ಮಾತ್ರ ವಿನಾಯಿತಿ. ಎದುರಿನವರು ಮೊದಲು ಎತ್ತೋ ಪ್ರಶ್ನೆ ಇದೇ ಆಗಬಹುದು.

ಅಂಗಡಿಯವರಿಗೂ ಇದರಲ್ಲಿ ಪಾಠ ಇದೆ. ಮಾಲು ಬೆಂಗಳೂರಿಂದ ಬಂದರೂ ಉಬ್ಬಿದ ದಿನ ಗಿರಾಕಿ ಬಂದು ನಿಲ್ಲೋದು ಪೇಟೆಯ ಅಂಗಡಿ ಎದುರೇ. 'ಯಾವ ರೂಮಿಗೆ, ಮೇಲೋ ಕೆಳಗೋ' ಅಂತ ಒಂದು ಮಾತು ಕೇಳಿ ಮಾರಿದರೆ ಇವತ್ತು ಒಂದು ಗಿರಾಕಿ ಟೈಲ್ಸ್‌ಗೆ ತಿರುಗಬಹುದು. ಮುಂದಿನ ಮಳೆಗಾಲ ಕಳೆದ ಮೇಲೂ ಅವರು ಅದೇ ಅಂಗಡಿಗೆ ಬರ್ತಾರೆ.